ದದ್ದು ಬಂದ್ರೆ ಒಳಗೇನೋ ಆಗಿದೆ ಅಂತಲಾ? ಕಾಲಿನ ಕೆಂಪು ಚುಕ್ಕೆ, ಕಪ್ಪಾದ ಕುತ್ತಿಗೆ ಬಗ್ಗೆ ಒಂದು ಉದ್ದದ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಎರಡು ತಿಂಗಳಿಂದ ಎರಡೂ ಕಾಲಲ್ಲಿ ಮಂಡಿಯಿಂದ ಕೆಳಗೆ ಸಣ್ಣ ಸಣ್ಣ ಕೆಂಪು ಚುಕ್ಕೆ ಬರ್ತಿವೆ, ವಾರ ಹತ್ತು ದಿನದಲ್ಲಿ ಕಂದು ಕಲೆ ಬಿಟ್ಟು ಹೋಗ್ತವೆ, ಆಮೇಲೆ ಮತ್ತೆ ಹೊಸದು. ತುರಿಕೆ ಅಷ್ಟೇನಿಲ್ಲ. ಮಂಡಿ ಮತ್ತು ಪಾದದ ಗಂಟು ಆಗಾಗ ನೋಯುತ್ತೆ. ಇದಲ್ಲದೆ ಕುತ್ತಿಗೆ ಹಿಂದೆ ಕಪ್ಪಾಗಿದೆ, ಎಷ್ಟು ಉಜ್ಜಿದ್ರೂ ಹೋಗಲ್ಲ. ಅಲರ್ಜಿ ಮಾತ್ರೆ ನುಂಗಿದೆ, ಯಾರೋ ಹೇಳಿದ ಟ್ಯೂಬ್ ಹಚ್ಚಿದೆ, ಏನೂ ಪ್ರಯೋಜನ ಆಗಿಲ್ಲ. ನೆಟ್‌ನಲ್ಲಿ ನೋಡಿದ್ರೆ ಲೂಪಸ್, ಕಿಡ್ನಿ, ಕ್ಯಾನ್ಸರ್ ಅಂತೆಲ್ಲಾ ಬರುತ್ತೆ, ರಾತ್ರಿ ನಿದ್ದೆ ಬರ್ತಿಲ್ಲ. ದದ್ದು ಅಂದ್ರೆ ಒಳಗಿನ ಕಾಯಿಲೆ ಅಂತಲೇನಾ? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಉತ್ತರ: ಮೊದ್ಲು ನಿಮ್ಮ ನಿದ್ದೆ ವಿಷಯ. ನಾವು ದಿನಾ ನೋಡೋ ದದ್ದುಗಳಲ್ಲಿ ಹೆಚ್ಚಿನವು ಬರೀ ಚರ್ಮದ ಸಮಸ್ಯೆನೇ, ಫಂಗಸ್ಸು, ಕಜ್ಜಿ, ಎಕ್ಸಿಮಾ, ಇಲ್ಲಾ ಯಾವುದೋ ಸೋಪು ಕ್ರೀಮು ಒಗ್ಗದೆ ಬಂದಿದ್ದು, ಅಷ್ಟೇ. ಒಳಗಿನ ಅಂಗಗಳಿಗೂ ಅದಕ್ಕೂ ಯಾವ ಸಂಬಂಧಾನೂ ಇರಲ್ಲ. ಆದ್ರೆ ಸ್ವಲ್ಪ ದದ್ದುಗಳು ಬೇರೆ ಥರದವು, ಕಿಡ್ನಿ, ಲಿವರ್, ಥೈರಾಯ್ಡ್, ರಕ್ತ, ಕರುಳು ಇವುಗಳಲ್ಲಿ ಏನೋ ಎಡವಟ್ಟಾಗಿರೋದು ಬೇರೆ ಲಕ್ಷಣ ಶುರುವಾಗೋ ಮುಂಚೆನೇ ಚರ್ಮದಲ್ಲಿ ಕಾಣಿಸಿಕೊಳ್ಳುತ್ತೆ. ನಿಮ್ಮ ಕಾಲಿನ ಚುಕ್ಕೆ ಈ ಎರಡನೇ ಗುಂಪಿಗೆ ಸೇರೋ ಸಾಧ್ಯತೆ ಇದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಸಾಧ್ಯತೆ ಇದೆ ಅಂದೆ, ಖಂಡಿತ ಅದೇ ಅಂತ ಹೇಳ್ಲಿಲ್ಲ.

ಇನ್ನೊಂದು ಮಾತು, ಫೋಟೋ ಇಟ್ಕೊಂಡು ನೆಟ್‌ನಲ್ಲಿ ಹೋಲಿಸಿ ನೋಡೋದನ್ನ ಇವತ್ತೇ ಬಿಡಿ. ನೋಡೋಕೆ ಒಂದೇ ಥರ ಇರೋ ಕೆಂಪು ದದ್ದಿಗೆ ಹತ್ತು ಕಾರಣ ಇರುತ್ತೆ, ಒಂದೇ ಕಾಯಿಲೆ ಹತ್ತು ಜನರಲ್ಲಿ ಹತ್ತು ಥರ ಕಾಣುತ್ತೆ. ನಮಗೂ ಬರೀ ಆಕಾರ ನೋಡಿ ಎಲ್ಲಾ ಗೊತ್ತಾಗಲ್ಲ. ನಾವು ಹುಡುಕೋದು ದದ್ದಿನ ಜೊತೆಗೆ ಏನೇನಿದೆ ಅನ್ನೋದನ್ನ: ಜ್ವರ ಇದೆಯಾ, ಗಂಟು ನೋವಾ, ಸುಮ್ಮಸುಮ್ನೆ ತೂಕ ಇಳೀತಿದೆಯಾ, ಮೂತ್ರದ ಬಣ್ಣ ಬದಲಾಗಿದೆಯಾ, ಬಾಯಲ್ಲಿ ಹುಣ್ಣಾ, ಇತ್ತೀಚೆಗೆ ಹೊಸ ಮಾತ್ರೆ ಏನಾದ್ರೂ ಶುರು ಮಾಡಿದ್ರಾ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದ್ಲು ಬಿದ್ದಿದ್ದು ಚುಕ್ಕೆ ಅಲ್ಲ, "ಗಂಟು ಆಗಾಗ ನೋಯುತ್ತೆ" ಅನ್ನೋ ಸಾಲು.

ಈಗ ಒಂದು ಸಣ್ಣ ಪರೀಕ್ಷೆ ನೀವೇ ಮಾಡಿ ನೋಡಿ. ಹೊಸದಾಗಿ ಬಂದಿರೋ ಕೆಂಪು ಚುಕ್ಕೆ ಮೇಲೆ ಪಾರದರ್ಶಕ ಗಾಜಿನ ಲೋಟದ ಪಕ್ಕವನ್ನ ಒತ್ತಿ ಹಿಡೀರಿ, ಗಾಜಿನ ಮೂಲಕ ಚುಕ್ಕೆ ಕಾಣಬೇಕು. ಒತ್ತಿದಾಗ ಕೆಂಪು ಮಾಯ ಆದ್ರೆ ರಕ್ತ ಇನ್ನೂ ನಾಳದ ಒಳಗೇ ಇದೆ, ನಾಳ ಹಿಗ್ಗಿದೆ ಅಷ್ಟೇ, ಅಲರ್ಜಿ ಗಂದೆ, ವೈರಲ್ ಜ್ವರದ ದದ್ದು ಎಲ್ಲಾ ಈ ಥರ. ಎಷ್ಟು ಒತ್ತಿದ್ರೂ ಹಾಗೇ ಉಳಿದ್ರೆ ರಕ್ತ ನಾಳದಿಂದ ಆಚೆ ಬಂದು ಚರ್ಮದೊಳಗೆ ಸೋರಿದೆ ಅಂತ ಅರ್ಥ. ಇದಕ್ಕೆ ಪರ್ಪುರಾ ಅಂತೀವಿ. ಕಂದು ಕಲೆ ಬಿಟ್ಟು ಹೋಗುತ್ತೆ ಅಂದ್ರಲ್ಲ, ಸೋರಿದ ರಕ್ತದಲ್ಲಿರೋ ಕಬ್ಬಿಣದ ಅಂಶ ಅಲ್ಲೇ ಉಳಿದಾಗ ಹಾಗಾಗುತ್ತೆ, ಹಾಗಾಗಿ ನಿಮ್ಮದು ಪರ್ಪುರಾನೇ ಇರಬೇಕು ಅಂತ ನನ್ನ ಊಹೆ. ಅಲರ್ಜಿ ಮಾತ್ರೆ ಕೆಲಸ ಮಾಡದೇ ಇರೋಕೂ ಅದೇ ಕಾರಣ, ಅಲರ್ಜಿನೇ ಅಲ್ಲದ್ದಕ್ಕೆ ಅಲರ್ಜಿ ಮಾತ್ರೆ ಏನು ಮಾಡುತ್ತೆ ಪಾಪ. ಚರ್ಮ ಕಂದು ಇಲ್ಲಾ ಕಪ್ಪು ಬಣ್ಣ ಇರೋರಲ್ಲಿ ಕೆಂಪು ಸರಿಯಾಗಿ ಕಾಣಲ್ಲ, ನೇರಳೆ ಅಥವಾ ಕಡುಗಂದು ಕಾಣುತ್ತೆ, ಅಂಥೋರು ಅಂಗಾಲು, ಅಂಗೈ, ಬಾಯಿಯ ಮೇಲ್ಭಾಗ, ಕಣ್ಣ ರೆಪ್ಪೆ ಒಳಗೆ ನೋಡ್ಬೇಕು. ಪುಸ್ತಕದ ಫೋಟೋಗಳೆಲ್ಲ ಬಹಳ ವರ್ಷ ಬಿಳಿ ಚರ್ಮದ್ದೇ ಇದ್ದಿದ್ರಿಂದ ಎಷ್ಟೋ ಜನರ ಕಾಯಿಲೆ ತಡವಾಗಿ ಗೊತ್ತಾಗಿದೆ, ಅದು ನಮ್ಮ ವೃತ್ತಿಯ ದೊಡ್ಡ ಕೊರತೆ.

ಆಮೇಲೆ ಕಣ್ಣು ಮುಚ್ಕೊಂಡು ಚುಕ್ಕೆ ಮೇಲೆ ಬೆರಳು ಸವರಿ. ಮಟ್ಟಸವಾಗಿದೆಯಾ, ಇಲ್ಲಾ ಸಣ್ಣಗೆ ಉಬ್ಬಿರೋದು ಕೈಗೆ ಸಿಗುತ್ತಾ? ಈ ವ್ಯತ್ಯಾಸ ಸಣ್ಣದಲ್ಲ. ಮಟ್ಟಸವಾಗಿ ಸೂಜಿಮೊನೆ ಥರ ಇದ್ದು ಜೊತೆಗೆ ವಸಡಲ್ಲಿ ಮೂಗಲ್ಲಿ ರಕ್ತ, ಮುಟ್ಟಿದ್ರೆ ಸಾಕು ನೀಲಿಗಟ್ಟೋದು, ಮುಟ್ಟಿನಲ್ಲಿ ವಿಪರೀತ ಸ್ರಾವ ಇದ್ರೆ ಪ್ಲೇಟ್‌ಲೆಟ್ ನೋಡ್ಬೇಕು, ಮಾಮೂಲಿ 1.5 ಲಕ್ಷದಿಂದ 4.5 ಲಕ್ಷ ಇರಬೇಕಾದ್ದು ತೀರಾ ಕೆಳಗೆ ಇಳಿದಿರಬಹುದು, 20 ಸಾವಿರಕ್ಕಿಂತ ಕಮ್ಮಿ ಆದ್ರೆ ಪೆಟ್ಟು ಬೀಳದೇನೇ ರಕ್ತ ಸೋರೋ ಭಯ ಜಾಸ್ತಿ. ಮಟ್ಟಸವಾಗಿದ್ದು ಬೇರೆ ಏನೂ ತೊಂದರೆ ಇಲ್ಲ, ಪ್ಲೇಟ್‌ಲೆಟ್ಟೂ ಸರಿ ಇದೆ ಅಂದ್ರೆ ಶಾಂಬರ್ಗ್ ಅನ್ನೋ ನಿರಪಾಯದ ಸ್ಥಿತಿ ಇರಬಹುದು, ಕಾಲು ನೋಡೋಕೆ ಚೆನ್ನಾಗಿರಲ್ಲ, ವರ್ಷಗಟ್ಟಲೆ ಇರುತ್ತೆ, ಒಳಗೆ ಏನೂ ಮಾಡಲ್ಲ. ಆದ್ರೆ ಉಬ್ಬಿರೋದು ಕೈಗೆ ಸಿಕ್ರೆ, ಅದರ ಜೊತೆ ಗಂಟು ನೋವೂ ಇದ್ರೆ, ಸಣ್ಣ ರಕ್ತನಾಳಗಳ ಉರಿಯೂತ ಅಂದ್ರೆ ವ್ಯಾಸ್ಕುಲೈಟಿಸ್ ಇದೆಯಾ ಅಂತ ನೋಡ್ಲೇಬೇಕು.

ಕಾಲಲ್ಲೇ ಯಾಕೆ ಬರುತ್ತೆ ಅಂತ ಎಲ್ರೂ ಕೇಳ್ತಾರೆ. ನಿಂತಾಗ ರಕ್ತದ ಒತ್ತಡ ಅಲ್ಲಿ ಜಾಸ್ತಿ, ಹರಿವು ನಿಧಾನ, ಹಾಗಾಗಿ ರಕ್ತದಲ್ಲಿ ತೇಲ್ತಿರೋ ಪ್ರತಿಕಾಯದ (ಸೋಂಕಿನ ವಿರುದ್ಧ ದೇಹ ತಯಾರಿಸೋ ಪ್ರೊಟೀನು) ಸಣ್ಣ ಮುದ್ದೆಗಳು ಅಲ್ಲಿನ ನಾಳದ ಗೋಡೆಗೆ ಅಂಟ್ಕೊಂಡು ಉರಿಯೂತ ಎಬ್ಬಿಸ್ತವೆ. ದಿನವಿಡೀ ನಿಂತು ಕೆಲಸ ಮಾಡಿದ ಮಾರನೇ ದಿನ ಹೊಸ ಚುಕ್ಕೆ ಜಾಸ್ತಿ ಬಂದಿರುತ್ತೆ, ನೀವೂ ಗಮನಿಸಿರಬಹುದು. ಕಾರಣ ಹಲವು. ಒಂದು ಗಂಟಲು ಸೋಂಕು, ಒಂದು ಆಂಟಿಬಯೋಟಿಕ್ಕು, ನೋವಿನ ಮಾತ್ರೆ, ಹೆಪಟೈಟಿಸ್ ಬಿ ಅಥವಾ ಸಿ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳೋ ಲೂಪಸ್ ಥರದ ಕಾಯಿಲೆ, ಎಷ್ಟೋ ಸಲ ಎಷ್ಟು ಹುಡುಕಿದ್ರೂ ಕಾರಣ ಸಿಗಲ್ಲ, ತಾನಾಗೇ ಕಮ್ಮಿ ಆಗುತ್ತೆ. ಐಜಿಎ ವ್ಯಾಸ್ಕುಲೈಟಿಸ್ ಅಂತ ಒಂದಿದೆ (ಐಜಿಎ ಅಂದ್ರೆ ಒಂದು ಬಗೆಯ ಪ್ರತಿಕಾಯ), ಮಕ್ಕಳಲ್ಲಿ ಜಾಸ್ತಿ, ಶೀತ ನೆಗಡಿ ಆದ ಒಂದೆರಡು ವಾರಕ್ಕೆ ಕಾಲು ಮತ್ತು ಪೃಷ್ಠದ ಮೇಲೆ ಈ ಚುಕ್ಕೆ, ಹೊಟ್ಟೆನೋವು, ಗಂಟು ನೋವು. ಮಕ್ಕಳಲ್ಲಿ ಸಾಮಾನ್ಯವಾಗಿ ವಾಸಿ ಆಗಿಬಿಡುತ್ತೆ, ದೊಡ್ಡೋರಿಗೆ ಬಂದ್ರೆ ಕಿಡ್ನಿಗೆ ತೊಂದ್ರೆ ಆಗೋ ಸಾಧ್ಯತೆ ಹೆಚ್ಚು.

ಇದನ್ನ ಇಷ್ಟು ಹೇಳ್ತಿರೋದು ಯಾಕಂದ್ರೆ, ಕಿಡ್ನಿಗೆ ಉರಿಯೂತ ಆದಾಗ ನೋವೇ ಇರಲ್ಲ. ಎಷ್ಟೋ ಸಲ ಮೂತ್ರ ನೋಡೋಕೆ ಮಾಮೂಲಿ ಥರಾನೇ ಇರುತ್ತೆ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮಾತ್ರ ರಕ್ತಕಣ ಕಾಣುತ್ತೆ, ಪ್ರೊಟೀನ್ ಸೋರ್ತಿರುತ್ತೆ. ಹಾಗಾಗಿ ಒತ್ತಿದ್ರೂ ಮಾಯವಾಗದ, ಉಬ್ಬಿರೋ ಚುಕ್ಕೆ ಕಾಲಲ್ಲಿ ಬಂದ್ರೆ ಮೊದಲ ಟೆಸ್ಟು ದುಬಾರಿ ಸ್ಕ್ಯಾನ್ ಅಲ್ಲ, ಬರೀ ಒಂದು ಯೂರಿನ್ ರೊಟೀನು ಮತ್ತು ಬಿಪಿ. ಐಜಿಎ ವ್ಯಾಸ್ಕುಲೈಟಿಸ್ ಅಂತ ಗೊತ್ತಾದವರಿಗೆ ಚರ್ಮ ಪೂರ್ತಿ ಸರಿಯಾದ ಮೇಲೂ ಆರು ತಿಂಗಳಾದ್ರೂ ಆಗಾಗ ಮೂತ್ರ ಪರೀಕ್ಷೆ ಮಾಡಿಸ್ತಿರಿ ಅಂತೀವಿ. ಜನ ಕಾಲು ಕ್ಲೀನ್ ಆಯ್ತು ಅಂತ ಬರೋದೇ ನಿಲ್ಲಿಸ್ತಾರೆ, ಅಲ್ಲೇ ಎಡವಟ್ಟಾಗೋದು.

ಬಯಾಪ್ಸಿ ಅಂದ ತಕ್ಷಣ ಎಲ್ರಿಗೂ ಕ್ಯಾನ್ಸರ್ ನೆನಪಾಗುತ್ತೆ. ಇಲ್ಲಿ ಅದಕ್ಕಲ್ಲ. ಮರಗಟ್ಟಿಸಿ ಮೂರ್ನಾಲ್ಕು ಮಿಲಿಮೀಟರಿನ ಚರ್ಮದ ತುಣುಕು ತೆಗೆದು ನಾಳದಲ್ಲಿ ಉರಿಯೂತ ಇದೆಯಾ, ಐಜಿಎ ಅಂಟಿದೆಯಾ ಅಂತ ನೋಡ್ತಾರೆ. ಅದಕ್ಕೆ ಒಂದೆರಡು ದಿನದ ಹೊಸ ಚುಕ್ಕೆನೇ ಬೇಕು, ವಾರ ಹಳೇದಾದ್ರೆ ಗುರುತೆಲ್ಲಾ ಅಳಿಸಿಹೋಗಿರುತ್ತೆ. ಹಾಗಾಗಿ ಅಪಾಯಿಂಟ್‌ಮೆಂಟ್ ತಗೊಳ್ಳೋವಾಗ "ಹೊಸದು ಬಂದಾಗ ತಕ್ಷಣ ಬರ್ಬಹುದಾ" ಅಂತ ಕೇಳಿಟ್ಕೊಳ್ಳಿ.

ಇನ್ನು ಕುತ್ತಿಗೆ. ಇದು ಕಾಲಿನ ಚುಕ್ಕೆಗೆ ಸಂಬಂಧ ಇಲ್ಲದ ಬೇರೆ ವಿಷಯ ಅಂತ ನನಗನ್ಸುತ್ತೆ, ಆದ್ರೂ ಮುಖ್ಯ. ಚರ್ಮ ದಪ್ಪಗಾಗಿ ಮಖಮಲ್ ಥರ ಮೆತ್ತಗೆ ಕಪ್ಪಗೆ ಇದ್ದು, ಕಂಕುಳಲ್ಲಿ ತೊಡೆಸಂದಿಯಲ್ಲೂ ಹಾಗೇ ಇದ್ದು, ಅಲ್ಲಲ್ಲಿ ಸಣ್ಣ ಚರ್ಮದ ತುಣುಕು ಜೋತಾಡ್ತಿದ್ರೆ ಅದು ಅಕಾಂಥೋಸಿಸ್ ನೈಗ್ರಿಕಾನ್ಸ್. ಅದು ಕೊಳೆ ಅಲ್ಲ, ದಯವಿಟ್ಟು ಉಜ್ಜಬೇಡಿ, ಉಜ್ಜಿದಷ್ಟೂ ಚರ್ಮ ಇನ್ನೂ ದಪ್ಪ ಆಗುತ್ತೆ, ಇನ್ನೂ ಕಪ್ಪಾಗುತ್ತೆ. "ಸರಿಯಾಗಿ ಸ್ನಾನ ಮಾಡಲ್ಲ" ಅಂತ ಮನೇಲಿ ಬೈಸ್ಕೊಂಡು ಕಲ್ಲಲ್ಲಿ ಉಜ್ಜಿ ಗಾಯ ಮಾಡ್ಕೊಂಡ ಮಕ್ಕಳನ್ನ ನೋಡಿದಾಗ ಸಿಟ್ಟೇ ಬರುತ್ತೆ ನನಗೆ. ಏನಾಗಿರುತ್ತೆ ಅಂದ್ರೆ, ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳ್ತಿರಲ್ಲ, ಅದಕ್ಕೆ ಮೇದೋಜ್ಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಸುರೀತಾ ಇರುತ್ತೆ, ಆ ಹೆಚ್ಚುವರಿ ಇನ್ಸುಲಿನ್ನು ಚರ್ಮದ ಕೋಶಗಳನ್ನ ಬೇಡದಷ್ಟು ಬೆಳೆಸುತ್ತೆ. ಶುಗರ್ ಇನ್ನೂ ಏರಿರಲ್ಲ, ಆದ್ರೆ ಆ ಕಡೆ ಹೊರಟಿರುತ್ತೆ. ಆ ಹಂತದಲ್ಲೇ ಕುತ್ತಿಗೆ ಹೇಳ್ಬಿಡುತ್ತೆ, ನಾನು ಇದನ್ನ ಒಂದು ಥರ ಉಪಕಾರ ಅಂತಲೇ ನೋಡ್ತೀನಿ.

ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಮಾಡ್ಸಿ. 5.7ಕ್ಕಿಂತ ಕಮ್ಮಿ ಇದ್ರೆ ಸದ್ಯಕ್ಕೆ ಸರಿ, 5.7ರಿಂದ 6.4ರವರೆಗೆ ಅಂಚಿನಲ್ಲಿದ್ದೀರಿ, 6.5 ಮತ್ತು ಅದಕ್ಕಿಂತ ಜಾಸ್ತಿ ಬಂದು ಇನ್ನೊಂದು ಸಲ ಮಾಡ್ಸಿದಾಗಲೂ ಹಾಗೇ ಬಂದ್ರೆ ಸಕ್ಕರೆ ಕಾಯಿಲೆ. ಮುಟ್ಟು ಏರುಪೇರು, ಗಲ್ಲದ ಮೇಲೆ ಕೂದಲು ಇದ್ರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರು) ಕೂಡ ಯೋಚಿಸಬೇಕು. ತೂಕ ಇಳಿದು ಇನ್ಸುಲಿನ್ ಹತೋಟಿಗೆ ಬಂದ್ರೆ ಕಪ್ಪು ನಿಧಾನಕ್ಕೆ ತಿಳಿಯಾಗುತ್ತೆ, ತಿಂಗಳುಗಳು ಬೇಕು, ಬರೀ ಬೆಳ್ಳಗಾಗಿಸೋ ಕ್ರೀಮಿಂದ ಆಗಲ್ಲ. ನೆಟ್‌ನಲ್ಲಿ ನೀವು ಓದಿರೋ ಕ್ಯಾನ್ಸರ್ ವಿಷಯ ಇಲ್ಲಿಂದ ಬಂದಿರಬಹುದು: ಬಹಳ ಅಪರೂಪಕ್ಕೆ, ತೂಕ ಜಾಸ್ತಿ ಇಲ್ಲದವರಲ್ಲಿ, ವಯಸ್ಸಾದ ಮೇಲೆ, ಕೆಲವೇ ತಿಂಗಳಲ್ಲಿ ಧಿಡೀರನೆ ಕುತ್ತಿಗೆ ಜೊತೆ ತುಟಿ ಬಾಯಿ ಅಂಗೈ ಎಲ್ಲಾ ಒರಟಾಗಿ ತೂಕ ಇಳಿಯೋಕೆ ಶುರುವಾದ್ರೆ ಹೊಟ್ಟೆಯ ಕ್ಯಾನ್ಸರ್ ಹುಡುಕ್ತೀವಿ. ನಿಧಾನಕ್ಕೆ ವರ್ಷಾನುಗಟ್ಟಲೆ ಕಪ್ಪಾದ ಕುತ್ತಿಗೆಗೆ ಆ ಭಯ ಬೇಡ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರ್ತೀನಿ, ಯಾವುದಕ್ಕೆ ಹೆದರಬೇಕು ಅಂತ. ನನ್ನ ಪ್ರಕಾರ ಜನ ಅತಿ ಹೆಚ್ಚು ಕಡೆಗಣಿಸೋದು ದದ್ದೇ ಇಲ್ಲದ ತುರಿಕೆಯನ್ನ. ಮೈಯೆಲ್ಲಾ ನವೆ, ಚರ್ಮ ನೋಡಿದ್ರೆ ಏನೂ ಇಲ್ಲ, ಕೆರೆದ ಗೀರು ಮಾತ್ರ. ಮೊದಲು ಕಜ್ಜಿ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು, ಮನೇಲಿ ಇನ್ನೂ ಒಬ್ಬರಿಬ್ಬರಿಗೆ ತುರಿಕೆ ಇದೆಯಾ, ರಾತ್ರಿ ಜಾಸ್ತಿನಾ, ಬೆರಳ ಸಂದಿಯಲ್ಲಿ ಏನಾದ್ರೂ ಇದೆಯಾ ಅಂತ, ಮೊದಲ ಸಲ ಅಂಟಿದಾಗ ತುರಿಕೆ ಶುರುವಾಗೋಕೇ ಮೂರರಿಂದ ಆರು ವಾರ ಬೇಕು, ಹಾಗಾಗಿ ಎಲ್ಲಿಂದ ಬಂತು ಅಂತ ಯಾರಿಗೂ ನೆನಪಿರಲ್ಲ. ವಯಸ್ಸಾದವರಲ್ಲಿ ಬರೀ ಒಣಚರ್ಮಕ್ಕೂ ಹೀಗಾಗುತ್ತೆ. ಅವೆರಡೂ ಅಲ್ಲ, ಎಣ್ಣೆ ಹಚ್ಚಿದ್ರೂ ಹೋಗ್ತಿಲ್ಲ, ಆರು ವಾರ ದಾಟಿದೆ ಅಂದ್ರೆ ರಕ್ತ ಪರೀಕ್ಷೆ ಮಾಡಿಸ್ಬೇಕು. ಲಿವರಲ್ಲಿ ಪಿತ್ತದ ಹರಿವಿಗೆ ಅಡ್ಡಿ ಆದ್ರೆ ಅಂಗೈ ಅಂಗಾಲಲ್ಲಿ ತುರಿಕೆ ಶುರು ಆಗುತ್ತೆ, ರಾತ್ರಿ ಜಾಸ್ತಿ, ಕಣ್ಣು ಹಳದಿ ಆಗೋದಕ್ಕಿಂತ ತಿಂಗಳುಗಟ್ಟಲೆ ಮುಂಚೆನೇ ಬರಬಹುದು. ಕಿಡ್ನಿ ಬಹಳ ಕೆಟ್ಟಾಗ ಬರುತ್ತೆ, ಥೈರಾಯ್ಡ್ ಜಾಸ್ತಿ ಆದ್ರೂ ಬರುತ್ತೆ ಕಮ್ಮಿ ಆದ್ರೂ ಬರುತ್ತೆ, ಕಬ್ಬಿಣದ ಅಂಶ ಕಮ್ಮಿ ಆದ್ರೂ ಬರುತ್ತೆ. ಬಿಸಿನೀರು ಸ್ನಾನ ಮಾಡಿ ಬಂದ ತಕ್ಷಣ ಮೈಯೆಲ್ಲಾ ಚುಚ್ಚಿದಂಗೆ ನವೆ ಅಂದ್ರೆ ಕೆಂಪು ರಕ್ತಕಣ ವಿಪರೀತ ಜಾಸ್ತಿ ಇರೋ ಪಾಲಿಸೈಥೀಮಿಯಾ ಇದೆಯಾ ನೋಡ್ತೀವಿ. ರಾತ್ರಿ ಬಟ್ಟೆ ಒದ್ದೆ ಆಗೋಷ್ಟು ಬೆವರು, ತೂಕ ಇಳಿಕೆ, ಬಿಟ್ಟುಬಿಟ್ಟು ಜ್ವರ, ಕುತ್ತಿಗೆಯಲ್ಲಿ ಗಡ್ಡೆ ಇವುಗಳ ಜೊತೆ ತುರಿಕೆ ಇದ್ರೆ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇದೆಯಾ ನೋಡ್ತೀವಿ. ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್, ಕ್ರಿಯಾಟಿನಿನ್ (ಕಿಡ್ನಿಗೆ), ಟಿಎಸ್‌ಎಚ್ (ಥೈರಾಯ್ಡಿಗೆ), ಫೆರಿಟಿನ್ (ಕಬ್ಬಿಣದ ಅಂಶಕ್ಕೆ), ಶುಗರ್, ಇಷ್ಟರಲ್ಲಿ ಮುಕ್ಕಾಲು ಪಾಲು ಉತ್ತರ ಸಿಗುತ್ತೆ, ಜೊತೆಗೊಂದು ಎದೆ ಎಕ್ಸ್‌ರೇ.

ಗರ್ಭಿಣಿಯರು ಇದನ್ನ ಓದ್ತಿದ್ರೆ ಒಂದು ಮಾತು. ಕೊನೇ ಮೂರು ತಿಂಗಳಲ್ಲಿ ದದ್ದಿಲ್ಲದೆ ಅಂಗೈ ಅಂಗಾಲು ತುರಿಕೆ ಶುರುವಾದ್ರೆ "ಬಸುರಿಯಲ್ಲಿ ಇದೆಲ್ಲಾ ಮಾಮೂಲಿ" ಅಂತ ಸುಮ್ನಿರಬೇಡಿ, ಪಿತ್ತಾಮ್ಲದ ಟೆಸ್ಟು ಮಾಡ್ಸಿ, ಅದು 100 ಮೈಕ್ರೋಮೋಲ್ ಮುಟ್ಟಿದ್ರೆ ಮಗುವಿನ ಜೀವಕ್ಕೆ ಅಪಾಯ ಹೆಚ್ಚಾಗುತ್ತೆ, ಹೆರಿಗೆ ಯಾವಾಗ ಮಾಡಿಸ್ಬೇಕು ಅನ್ನೋದೇ ಇದರ ಮೇಲೆ ನಿರ್ಧಾರ ಆಗುತ್ತೆ.

ಲೂಪಸ್ ಬಗ್ಗೆ ಓದಿ ಹೆದರಿದ್ದೀರಿ. ಕೆನ್ನೆ ಕೆಂಪಾದ್ರೆ ಲೂಪಸ್ ಅಂತ ನೆಟ್ ಹೇಳುತ್ತೆ, ಆದ್ರೆ ಕೆನ್ನೆ ಕೆಂಪಾಗೋಕೆ ರೊಸೇಶಿಯಾ, ತಲೆಹೊಟ್ಟಿನ ಥರದ ಸೆಬೊರಿಕ್ ಡರ್ಮಟೈಟಿಸ್, ಸ್ಟೀರಾಯ್ಡ್ ಕ್ರೀಮು ಹಚ್ಚಿಹಚ್ಚಿ ಹಾಳಾದ ಚರ್ಮ, ಇವೇ ಜಾಸ್ತಿ. ಲೂಪಸ್ ದದ್ದು ಎರಡೂ ಕೆನ್ನೆ ಮೂಗಿನ ಮೇಲೆ ಹರಡಿ, ಮೂಗಿಂದ ಬಾಯಿಯ ಅಂಚಿಗೆ ಇಳಿಯೋ ಗೆರೆಯನ್ನ ಬಿಟ್ಟುಬಿಡುತ್ತೆ, ಬಿಸಿಲಿಗೆ ಹೋದ್ರೆ ಏರುತ್ತೆ. ಜೊತೆಗೆ ನೋವಿಲ್ಲದ ಬಾಯಿಹುಣ್ಣು, ಕೂದಲು ಉದುರೋದು, ಬೆರಳ ಗಂಟು ಬೆಳಗ್ಗೆ ಬಿಗಿಯೋದು, ಸುಸ್ತು. ಹೆಂಗಸರಿಗೆ ಗಂಡಸರಿಗಿಂತ ಸುಮಾರು ಒಂಬತ್ತು ಪಟ್ಟು ಜಾಸ್ತಿ. ನಿಮಗೆ ಗಂಟು ನೋವು ಇರೋದ್ರಿಂದ ಎಎನ್‌ಎ ಅನ್ನೋ ಪ್ರತಿಕಾಯದ ಟೆಸ್ಟು ಬರೀತಾರೆ, ಅದು ಪಾಸಿಟಿವ್ ಬಂದ್ರೆ ಲೂಪಸ್ ಬಂತು ಅಂತ ಅಳ್ತಾ ಕೂರಬೇಡಿ. ಏನೂ ಕಾಯಿಲೆ ಇಲ್ಲದವರಲ್ಲೂ 1:160 ಮಟ್ಟದಲ್ಲಿ (ರಕ್ತದ ಸೀರಮ್ಮನ್ನ 160 ಪಟ್ಟು ತೆಳು ಮಾಡಿ ನೋಡಿದಾಗ) ನೂರಕ್ಕೆ ಸುಮಾರು ಐದು ಜನಕ್ಕೆ ಪಾಸಿಟಿವ್ ಬರುತ್ತೆ, ಅದಕ್ಕಿಂತ ಕಡಿಮೆ ಮಟ್ಟದಲ್ಲಂತೂ ಇನ್ನೂ ಜಾಸ್ತಿ. ಲಕ್ಷಣ ಇಲ್ದೇ ಸುಮ್ನೆ ಪ್ಯಾಕೇಜಲ್ಲಿ ಈ ಟೆಸ್ಟು ಮಾಡ್ಸಿ ನಿದ್ದೆ ಕೆಡಿಸ್ಕೊಳ್ಳೋರು ಬಹಳ ಜನ.

ಲೂಪಸ್ಸಿನ ನೆರಳಲ್ಲಿ ಮರೆತುಹೋಗೋ ಇನ್ನೊಂದು ಡರ್ಮಟೊಮಯೊಸೈಟಿಸ್. ಕಣ್ಣ ಮೇಲಿನ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಊದ್ಕೊಳ್ಳುತ್ತೆ, ಬೆರಳ ಗೆಣ್ಣುಗಳ ಮೇಲೆ ಸರಿಯಾಗಿ ಗೆಣ್ಣಿನ ಮೇಲೇ ಕೆಂಪು ಉಬ್ಬು ಬರುತ್ತೆ (ಲೂಪಸ್ಸಲ್ಲಿ ಗೆಣ್ಣು ಬಿಟ್ಟು ಮಧ್ಯದಲ್ಲಿ ಬರುತ್ತೆ, ಇದೊಂದು ಚಂದದ ಸುಳಿವು). ಕೂತಲ್ಲಿಂದ ಏಳೋಕೆ, ಮೆಟ್ಟಿಲು ಹತ್ತೋಕೆ, ಕೈ ಎತ್ತಿ ತಲೆ ಬಾಚೋಕೆ ಕಷ್ಟ ಆಗ್ತಿದ್ರೆ ಸ್ನಾಯುವಿಗೂ ಹಬ್ಬಿದೆ, ಸಿಕೆ ಅನ್ನೋ ಟೆಸ್ಟಲ್ಲಿ ಗೊತ್ತಾಗುತ್ತೆ. ದೊಡ್ಡೋರಲ್ಲಿ ಇದು ಬಂದ್ರೆ ಶ್ವಾಸಕೋಶ, ಅಂಡಾಶಯ, ಸ್ತನ, ಕರುಳು ಎಲ್ಲಾ ಪರೀಕ್ಷೆ ಮಾಡಿಸ್ತೀವಿ, ಯಾಕಂದ್ರೆ ಕೆಲವರಲ್ಲಿ ಒಳಗಿನ ಕ್ಯಾನ್ಸರ್ ಜೊತೆಗೆ ಬರುತ್ತೆ. ಮಕ್ಕಳಲ್ಲಿ ಆ ನಂಟು ಇಲ್ಲ.

ಮೊಣಕಾಲ ಕೆಳಗೆ ಮುಂಭಾಗದಲ್ಲಿ ಮುಟ್ಟಿದ್ರೆ ಜೀವ ಹೋಗೋಷ್ಟು ನೋಯೋ ಕೆಂಪು ಗಂಟುಗಳು ಬಂದ್ರೆ ಅದು ಎರಿಥೀಮಾ ನೋಡೋಸಮ್, ಗಂಟಲು ಸೋಂಕು, ಟಿಬಿ, ಸಾರ್ಕಾಯ್ಡೋಸಿಸ್ (ಶ್ವಾಸಕೋಶ ಮುಂತಾದ ಕಡೆ ಉರಿಯೂತದ ಸಣ್ಣ ಗಡ್ಡೆ ಬರೋ ಕಾಯಿಲೆ), ಕರುಳಿನ ಉರಿಯೂತ, ಗರ್ಭನಿರೋಧಕ ಮಾತ್ರೆ, ಯಾವುದರಿಂದಾದ್ರೂ ಬರಬಹುದು, ಎದೆ ಎಕ್ಸ್‌ರೇ ಇಲ್ದೇ ಬಿಡಲ್ಲ ನಾವು. ಅಂಗೈ ಅಂಗಾಲು ಎರಡರಲ್ಲೂ ತುರಿಕೆ ಇಲ್ಲದ ತಾಮ್ರದ ಬಣ್ಣದ ಕಲೆ ಬಂದ್ರೆ ಸಿಫಿಲಿಸ್ ಟೆಸ್ಟು, ನಾಚ್ಕೋಬೇಡಿ, ಪೆನಿಸಿಲಿನ್‌ಗೆ ವಾಸಿ ಆಗೋ ಕಾಯಿಲೆ ಅದು. ಮೊಣಕೈ ಮಂಡಿ ಪೃಷ್ಠದಲ್ಲಿ ಕೆರೆದು ಕೆರೆದು ಒಡೆದುಹೋಗೋ ಪುಟ್ಟ ಗುಳ್ಳೆಗಳು, ಅಮೆರಿಕದ ಚರ್ಮವೈದ್ಯ ಲೂಯಿ ಡ್ಯೂರಿಂಗ್ 1884ರಲ್ಲಿ ವಿವರಿಸಿದ್ದು, ಅದರ ಬೇರು ಕರುಳಲ್ಲಿದೆ ಅಂತ ಗೊತ್ತಾಗೋಕೆ ಬಹಳ ದಶಕ ಬೇಕಾಯ್ತು: ಗೋಧಿಯಲ್ಲಿರೋ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆ ಅದು, ಹೊಟ್ಟೆ ಕೆಡದೇನೂ ಇರಬಹುದು. ಬೆರಳ ಗೆಣ್ಣು ಕಪ್ಪಾದ್ರೆ ಹೆಚ್ಚಾಗಿ ಬಿ12 ಕೊರತೆ, ಅಂಗೈ ಗೆರೆ ಮತ್ತು ವಸಡು ಕಪ್ಪಾಗಿ ಜೊತೆಗೆ ಬಿಪಿ ಕಮ್ಮಿ, ತೂಕ ಇಳಿಕೆ, ಉಪ್ಪು ತಿನ್ನೋ ಆಸೆ ಇದ್ರೆ 1855ರಲ್ಲಿ ಇಂಗ್ಲಿಷ್ ವೈದ್ಯ ಥಾಮಸ್ ಆಡಿಸನ್ ಬರೆದಿಟ್ಟ ಅಡ್ರಿನಲ್ ಗ್ರಂಥಿ ಕಾಯಿಲೆ. ಒಂದೇ ಕಡೆಯ ಮೊಲೆತೊಟ್ಟಿನ ಮೇಲೆ ಎಕ್ಸಿಮಾ ಥರ ಸಿಪ್ಪೆ ಏಳ್ತಿದ್ದು ಕ್ರೀಮಿಗೆ ಬಗ್ಗದಿದ್ರೆ ಬಯಾಪ್ಸಿ ಆಗ್ಲೇಬೇಕು, ಅದು ಸ್ತನ ಕ್ಯಾನ್ಸರಿನ ಒಂದು ಮುಖ. ಕಣ್ಣರೆಪ್ಪೆ ಮೇಲಿನ ಹಳದಿ ಕಲೆಗೆ ಕೊಲೆಸ್ಟ್ರಾಲ್ ನೋಡಿಸಿ, ಸುಮಾರು ಅರ್ಧ ಜನಕ್ಕೆ ಅದೂ ಸರಿಯಾಗೇ ಇರುತ್ತೆ.

ಇದಕ್ಕೆ ತದ್ವಿರುದ್ಧವಾಗಿ, ಜನ ವಿಪರೀತ ಹೆದರೋದು ಪಿತ್ತಗಂದೆಗೆ. ಎದ್ದು ಮೈಯೆಲ್ಲಾ ಹರಡಿ ಕೆಲವು ಗಂಟೆಯಲ್ಲಿ ಕಲೆಯಿಲ್ಲದೆ ಮಾಯ ಆಗೋ ಗಂದೆ ತಿಂಗಳುಗಟ್ಟಲೆ ಬಂದ್ರೂ ಸಾಮಾನ್ಯವಾಗಿ ಒಳಗೆ ಯಾವ ಕಾಯಿಲೆನೂ ಇರಲ್ಲ, ಥೈರಾಯ್ಡ್ ಒಂದು ನೋಡ್ತೀವಿ. ನೂರು ಆಹಾರಕ್ಕೆ ಅಲರ್ಜಿ ಟೆಸ್ಟು ಮಾಡ್ಸಿ ದುಡ್ಡು ಕಳ್ಕೋಬೇಡಿ, ಆ ಪಟ್ಟಿ ಹಿಡ್ಕೊಂಡು ಊಟ ಬಿಟ್ಟು ಸೊರಗಿದವರೇ ಹೆಚ್ಚು. ಒಂದೇ ಗಂದೆ ಒಂದೇ ಜಾಗದಲ್ಲಿ 24 ಗಂಟೆ ದಾಟಿ ಉಳಿದು, ಉರಿ ಜಾಸ್ತಿ ಇದ್ದು, ಹೋಗುವಾಗ ನೀಲಿ ಕಲೆ ಬಿಟ್ರೆ ಮಾತ್ರ ಅಲ್ಲೂ ವ್ಯಾಸ್ಕುಲೈಟಿಸ್ ಯೋಚಿಸ್ತೀವಿ. ಗಂದೆ ಜೊತೆ ಉಸಿರು ಕಟ್ಟಿದಂಗಾದ್ರೆ, ನಾಲಿಗೆ ಗಂಟಲು ಊದ್ಕೊಂಡ್ರೆ ಆ ಮಾತೇ ಬೇರೆ, ನೇರ ಎಮರ್ಜೆನ್ಸಿಗೆ ಹೋಗ್ಬೇಕು.

ಹೊಸ ಮಾತ್ರೆ ವಿಷಯ ಮರೀಬೇಡಿ. ಫಿಟ್ಸ್ ಮಾತ್ರೆಗಳಾದ ಕಾರ್ಬಮಜೆಪೀನ್, ಫೆನಿಟೋಯಿನ್, ಲ್ಯಾಮೋಟ್ರಿಜೀನ್, ಯೂರಿಕ್ ಆಸಿಡ್‌ಗೆ ಕೊಡೋ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆ ಇವು ಅಪರೂಪಕ್ಕೆ ಬಹಳ ಗಂಭೀರ ದದ್ದು ತರ್ತವೆ. ಮಾತ್ರೆ ನಿನ್ನೆ ಮೊನ್ನೆ ಶುರು ಮಾಡಿದ್ದಲ್ಲ ಅಂತ ಜನ ಅದನ್ನ ಹೇಳೋದೇ ಇಲ್ಲ, ಆದ್ರೆ ಡ್ರೆಸ್ ಅನ್ನೋ ರಿಯಾಕ್ಷನ್ ಬರೋದೇ ಎರಡರಿಂದ ಎಂಟು ವಾರದ ಮೇಲೆ, ಮುಖ ಊದಿ, ಜ್ವರ ಬಂದು, ಲಿವರಿಗೂ ಹೊಡೆತ ಬೀಳುತ್ತೆ. ಸ್ಟೀವನ್ಸ್ ಜಾನ್ಸನ್ ಅದಕ್ಕಿಂತ ಬೇಗ, ಸಾಮಾನ್ಯವಾಗಿ ನಾಲ್ಕು ವಾರದೊಳಗೆ: ತುಟಿ ಬಾಯಿ ಕಣ್ಣು ಹುಣ್ಣಾಗುತ್ತೆ, ಚರ್ಮ ಮುಟ್ಟಿದ್ರೆ ನೋಯುತ್ತೆ, ಸುಟ್ಟಂಗೆ ಸುಲಿಯುತ್ತೆ. ತುರಿಯೋ ದದ್ದಿಗಿಂತ ನೋಯೋ ದದ್ದಿಗೆ ಹೆಚ್ಚು ಹೆದರಿ ಅಂತ ನಾನು ಯಾವಾಗ್ಲೂ ಹೇಳ್ತೀನಿ.

ಅದೇ ರಾತ್ರಿನೇ ಆಸ್ಪತ್ರೆಗೆ ಹೋಗಬೇಕಾದವು ಇನ್ನೆರಡಿವೆ. ಜ್ವರದ ಜೊತೆ ಗಾಜು ಒತ್ತಿದ್ರೂ ಮಾಯವಾಗದ ಚುಕ್ಕೆ ಗಂಟೆಗಂಟೆಗೂ ಜಾಸ್ತಿ ಆಗ್ತಿದ್ರೆ ರಕ್ತಕ್ಕೆ ಸೋಂಕು ಹಬ್ಬಿರಬಹುದು, ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಥರದ್ದು, ಬೆಳಗ್ಗೆವರೆಗೂ ಕಾಯೋ ಹಾಗಿಲ್ಲ. ಐದು ವರ್ಷದೊಳಗಿನ ಮಗುವಿಗೆ ಐದು ದಿನ ಬಿಡದ ಜ್ವರ, ದದ್ದು, ಕೀವಿಲ್ಲದ ಕೆಂಪು ಕಣ್ಣು, ಒಡೆದ ಕೆಂಪು ತುಟಿ, ಊದಿದ ಕೈಕಾಲು ಇದ್ರೆ ಕವಾಸಾಕಿ ಕಾಯಿಲೆ ಅಂತ ಅನುಮಾನ ಪಡಿ. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ಇದನ್ನ ಮೊದಲ ಸಲ ಪ್ರಕಟಿಸಿದ್ರು. ಚಿಕಿತ್ಸೆ ಕೊಡದೇ ಬಿಟ್ರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೃದಯದ ರಕ್ತನಾಳ ಉಬ್ಬುತ್ತೆ, ಮೊದಲ ಹತ್ತು ದಿನದೊಳಗೆ ಇಮ್ಯುನೊಗ್ಲೊಬುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಕೊಟ್ರೆ ಆ ಅಪಾಯ ಬಹಳ ಇಳಿಯುತ್ತೆ.

ಮತ್ತೆ ನಿಮ್ಮ ವಿಷಯಕ್ಕೆ. ಆ ಟ್ಯೂಬ್ ನಿಲ್ಲಿಸಿ, ಕವರ್ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಸೋನ್ ಅಂತ ಇದ್ರೆ ಅದು ಜೋರು ಸ್ಟೀರಾಯ್ಡು, ಈ ಥರ ಗೊತ್ತಿಲ್ಲದೆ ಹಚ್ಚಿದ್ರೆ ಮೇಲಿನ ಚಿತ್ರಾನೇ ಬದಲಾಗಿ ನೋಡೋ ಡಾಕ್ಟರ್‌ಗೂ ಗೊಂದಲ ಆಗುತ್ತೆ, ಟ್ಯೂಬನ್ನ ಜೊತೆಗೆ ತಗೊಂಡೇ ಹೋಗಿ. ಈ ವಾರದೊಳಗೆ ಯೂರಿನ್ ರೊಟೀನ್, ಸಿಬಿಸಿ, ಕ್ರಿಯಾಟಿನಿನ್, ಎಚ್‌ಬಿಎ1ಸಿ, ಬಿಪಿ, ಇಷ್ಟು ಮಾಡಿಸ್ಕೊಳ್ಳಿ, ಹೆಪಟೈಟಿಸ್ ಮತ್ತು ಎಎನ್‌ಎ ಡಾಕ್ಟರ್ ನೋಡಿ ಹೇಳ್ತಾರೆ. ಚುಕ್ಕೆ ಶುರುವಾಗೋಕೆ ಒಂದು ತಿಂಗಳು ಮುಂಚಿನಿಂದ ತಗೊಂಡ ಎಲ್ಲಾ ಮಾತ್ರೆ, ಗಂಟು ನೋವಿಗೆ ನುಂಗಿದ್ದು, ಪುಡಿ ಕಷಾಯ ಏನೇ ಇದ್ರೂ ಬರೆದಿಟ್ಕೊಳ್ಳಿ. ನೋವಿನ ಮಾತ್ರೆ ಸದ್ಯಕ್ಕೆ ಬೇಡ, ಕಿಡ್ನಿ ರಿಪೋರ್ಟ್ ಬರೋವರೆಗಾದ್ರೂ. ಹೊಸ ಚುಕ್ಕೆ ಬಂದ ದಿನವೇ ಬೆಳಕಲ್ಲಿ ಫೋಟೋ ತೆಗೀರಿ, ಯಾಕಂದ್ರೆ ಡಾಕ್ಟರ್ ಮುಂದೆ ಕೂತಾಗ ಕಾಲಲ್ಲಿ ಏನೂ ಇರಲ್ಲ. ಕೂತಾಗ ಕಾಲು ಮೇಲಿಟ್ಕೊಳ್ಳಿ, ಬಹಳ ಹೊತ್ತು ನಿಲ್ಲೋದು ಕಮ್ಮಿ ಮಾಡಿ.

ಮೂತ್ರ ನೊರೆನೊರೆ ಬಂದ್ರೆ ಅಥವಾ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ, ಮುಖ ಕಾಲು ಊದಿದ್ರೆ, ಹೊಟ್ಟೆನೋವು ಜೋರಾಗಿ ಮಲದಲ್ಲಿ ರಕ್ತ ಕಂಡ್ರೆ, ಚುಕ್ಕೆಗಳು ಗುಳ್ಳೆ ಅಥವಾ ಹುಣ್ಣಾದ್ರೆ, ಪಾದ ಜೋಮು ಹಿಡಿದು ಬಲ ಕಮ್ಮಿ ಆದ್ರೆ ವಾರ ಕಾಯೋದು ಬೇಡ, ಅವತ್ತೇ ಹೋಗಿ. ಅದ್ಯಾವುದೂ ಇಲ್ಲ, ಮೂತ್ರ ಕ್ಲೀನ್ ಬಂತು ಅಂದ್ರೆ ಬಹಳಷ್ಟು ಜನಕ್ಕೆ ವಿಶ್ರಾಂತಿಯಲ್ಲೇ ಕೆಲವು ವಾರಕ್ಕೆ ಕಮ್ಮಿ ಆಗುತ್ತೆ, ನಿಮ್ಮ ಥರ ಮರುಕಳಿಸ್ತಾ ಇದ್ರೆ ಕೋಲ್ಚಿಸಿನ್ ಅಥವಾ ಡ್ಯಾಪ್ಸೋನ್ ಕೊಡ್ತಾರೆ. ಡ್ಯಾಪ್ಸೋನ್ ಶುರು ಮಾಡೋ ಮುಂಚೆ ಜಿ6ಪಿಡಿ ಟೆಸ್ಟು ಮಾಡಿದ್ದಾರಾ ಅಂತ ಕೇಳಿ, ಆ ಕಿಣ್ವ ಕಮ್ಮಿ ಇರೋರಿಗೆ ಆ ಮಾತ್ರೆಯಿಂದ ರಕ್ತಕಣ ಒಡೆದುಹೋಗುತ್ತೆ. ರಿಪೋರ್ಟ್ ಬಂದ ಮೇಲೆ ಅನುಮಾನ ಇದ್ರೆ ಮತ್ತೆ ಬರೀರಿ, ಮೂತ್ರದ ರಿಪೋರ್ಟಲ್ಲಿ ರಕ್ತಕಣ ಎಷ್ಟು, ಪ್ರೊಟೀನ್ ಎಷ್ಟು ಅನ್ನೋದನ್ನ ತಪ್ಪದೆ ಸೇರಿಸಿ. ಮುಟ್ಟಿನ ದಿನಗಳಲ್ಲಿ ಮಾತ್ರ ಆ ಟೆಸ್ಟು ಕೊಡಬೇಡಿ, ರಕ್ತ ಬೆರೆತು ರಿಪೋರ್ಟ್ ಸುಮ್ನೆ ಹೆದರಿಸುತ್ತೆ.